ಮೀಸಲು ಹುಡುಗಿ

ಹಚಿನೋಹೆ, ನವೆಂಬರ್ 5

ಪ್ರೀತಿಯ ಹೋನಾಮಿ,

ಬಂದರಿನ ಗಾಳಿಗೆ ಅಂಗಡಿಯ ಬಾಗಿಲು ಬೆಳಗಿನಿಂದ ಕಟಕಟ ಎನ್ನುತ್ತಿದೆ. ಇಂಥ ಗಾಳಿಯಲ್ಲಿ ಹಳೆಯ ಪುಸ್ತಕ ಕೊಳ್ಳಲು ಯಾರೂ ಬರುವುದಿಲ್ಲ. ಹಾಗಾಗಿ ನಿನ್ನ ಮಾಮ ಕೌಂಟರಿನ ಹಿಂದೆ ಕೂತು ನಿನ್ನ ಸ್ಪರ್ಧೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಾನೆ.

ಮೊದಲು ಸಂತೋಷದ ಮಾತು. ಪಶ್ಚಿಮ ಜಪಾನ್ ಸ್ಪರ್ಧೆಯಿಂದ ಮುಂದಕ್ಕೆ ಹೋಗುವವರ ಪಟ್ಟಿಯಲ್ಲಿ ಕೊನೆಯ ಹೆಸರಾದರೂ ಸರಿಯೇ, ಅದು ನಿನ್ನದು. ಡಿಸೆಂಬರಿನಲ್ಲಿ ನೀನು ಅಖಿಲ ಜಪಾನ್ ಸ್ಪರ್ಧೆಯ ಐಸ್ ಮೇಲೆ ನಿಲ್ಲುತ್ತೀಯ. ಸುದ್ದಿ ಕೇಳಿ ನಿನ್ನಮ್ಮ ಮೀನಿನ ಕಾರ್ಖಾನೆಯಿಂದ ಏಪ್ರನ್ ಕೂಡ ಬಿಚ್ಚದೆ ಓಡಿ ಬಂದಳು.

"ಅಣ್ಣಾ, ಇನ್ನೊಂದ್ಸಲ ಹಾಕು."

"ದೂರ ಕೂತ್ಕೊಳ್ಳೇ, ಬಂಗಡೆ ವಾಸನೆ ಪುಸ್ತಕಕ್ಕೆಲ್ಲ ಹತ್ತುತ್ತೆ."

"ನಿನ್ ಪುಸ್ತಕದ ವಾಸನೆಗಿಂತ ನನ್ ಬಂಗಡೇನೇ ವಾಸಿ. ಹಾಕು ಅಂದ್ರೆ."

ಹಾಕಿದೆ. ಅವಳು ಅತ್ತಳು. ನಾನು ಅಳಲಿಲ್ಲ, ಯಾಕೆಂದರೆ ನಾನು ಬೇರೇನನ್ನೋ ನೋಡುತ್ತಿದ್ದೆ.

ನಮ್ಮೂರ ಪತ್ರಿಕೆ ನಿನ್ನ ಫೋಟೋ ಹಾಕಿ 'ನೋವನ್ನು ಮೀರಿದ ನಗು' ಎಂದು ತಲೆಬರಹ ಕೊಟ್ಟಿದೆ. ಯಾವ ನೋವು, ಎಲ್ಲಿಯ ನೋವು ಎಂದು ವರದಿಯಲ್ಲಿ ಒಂದು ಸಾಲೂ ಇಲ್ಲ. ಸ್ಕೇಟಿಂಗ್ ಹುಡುಗಿಯರ ಬಗ್ಗೆ ಬರೆಯುವಾಗ ಈ ಜನಕ್ಕೆ ನೋವು ಎಂಬುದು ಊಟದ ಜೊತೆಯ ಉಪ್ಪಿನಕಾಯಿ ಇದ್ದ ಹಾಗೆ, ಕೇಳದಿದ್ದರೂ ಬಡಿಸುತ್ತಾರೆ. ಸಂಪಾದಕರಿಗೆ ಒಂದು ಪತ್ರ ಹಾಕಿದ್ದೇನೆ. ಶನಿವಾರದ ಅಂಚೆ ನಿಲ್ಲಿಸಿದ ಮಹಾನುಭಾವರಿಗೆ ಬರೆದದ್ದಕ್ಕೇ ಇನ್ನೂ ಉತ್ತರ ಬಂದಿಲ್ಲ, ಇದಕ್ಕೂ ಬರುವುದಿಲ್ಲ, ಗೊತ್ತು.

ಆದರೆ ಆ ತಲೆಬರಹ ಓದಿದ ಮೇಲೆ ನಾನು ಬರೀ ನಿನ್ನ ಪಾದವನ್ನೇ ನೋಡಿದೆ. ಕೊನೆಗೆ ನಮಸ್ಕರಿಸುವಾಗ ಪೂರ್ತಿ ಭಾರ ಎಡಗಾಲಿನ ಮೇಲೆ ಹಾಕಿದ್ದೆ. ಐಸ್‌ನಿಂದ ಹೊರಗೆ ಬಂದವಳು ಬಲಗಾಲಿನ ಬ್ಲೇಡಿಗೆ ಕವಚ ಹಾಕಲು ಐಸ್ ಅಂಚಿನ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೋದ ವರ್ಷ ನೀನು ಕಟ್ಟೆ ಮುಟ್ಟುತ್ತಿರಲಿಲ್ಲ.

ನನ್ನ ಕಣ್ಣಿನ ತಪ್ಪಾದರೆ ಹಾಗೆಂದು ಬರೆ.

ನಿನ್ನ ಒಳಿತನ್ನು ಬಯಸುವ
ಕೆನ್ಸಾಕು ಮಾಮ


ನಗೋಯಾ, ನವೆಂಬರ್ 10

ಕೆನ್ಸಾಕು ಮಾಮನಿಗೆ,

ನಿಮ್ಮ ಕನ್ನಡಕ ಬದಲಾಯಿಸುವ ಕಾಲ ಬಂದಿದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಸ್ಪರ್ಧೆಯ ಕಾಲ ಮುಗಿಯುವವರೆಗೆ ನಮ್ಮ ಫೋನುಗಳೆಲ್ಲ ಮಿಸಾವಾ ಸೆನ್ಸೇ ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿರುತ್ತವೆ. ಅವರು ಕೋಚ್ ಮಾತ್ರ ಅಲ್ಲ, ಮನೆಯ ಯಜಮಾನಿ ಕೂಡ. ಮಹಡಿಯ ಕೋಣೆಗಳಲ್ಲಿ ನಾವು ಹುಡುಗಿಯರು, ಕೆಳಗೆ ಅವರೂ ಅವರ ಅಮ್ಮನೂ. ಮನೆಯ ಫೋನ್ ಅಡುಗೆಮನೆ ಬಾಗಿಲಲ್ಲೇ ಇರುವುದರಿಂದ ಅದರಲ್ಲಿ ಮಾತಾಡಿದ್ದು ಅಜ್ಜಿಯ ಮಿಸೊ ಸಾರಿಗೂ ಕೇಳಿಸುತ್ತದೆ. ಅದಕ್ಕೇ ನಿಮಗೆ ಕಾಗದ ಬರೆಯುವುದೇ ಕ್ಷೇಮ.

ರಿಂಕಿನಲ್ಲಿ ಈಗ ನನಗೆ ಮರ್ಯಾದೆ ಹೆಚ್ಚಾಗಿದೆ. ಯಾರ ಸಂಗೀತ ಹಾಕಿರುತ್ತಾರೋ ಅವರು ಹೆಗಲಿಗೆ ಕೆಂಪು ಪಟ್ಟಿ ಕಟ್ಟಿಕೊಳ್ಳಬೇಕು, ಉಳಿದವರೆಲ್ಲ ದಾರಿ ಬಿಡಬೇಕು. ಆ ಪಟ್ಟಿ ದಿನವೂ ಮೊದಲು ನನಗೆ. ಎರಡನೆಯದು ಸುಝುನೆಗೆ. ಪಕ್ಕದ ಕೋಣೆಯವಳು, ಹಿಂದೆ ಬರೆದಿದ್ದೆನಲ್ಲ, ಹದಿಮೂರು ವಯಸ್ಸಿನಿಂದ ಇಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಮಲಗುವವರು. ಸ್ಪರ್ಧೆಯಲ್ಲಿ ನನ್ನ ಕೆಳಗಿನ ಜಾಗ ಅವಳದೇ. ಅಂತರ ಕೂದಲೆಳೆಯಷ್ಟು. ಹಾಗಾಗಿ ಅವಳು ಮೊದಲ ಮೀಸಲು. ಅಖಿಲ ಜಪಾನ್ ಸ್ಪರ್ಧೆಯಲ್ಲಿ ಯಾರ ನಂತರ ಯಾರು ಎಂಬ ಸರದಿ ಚೀಟಿ ಎತ್ತುವ ಮುನ್ನ ನಾನು ಹಿಂದೆ ಸರಿದರೆ ಅವಳು ಹೋಗುತ್ತಾಳೆ. ಚೀಟಿ ಎತ್ತಿದ ಮೇಲಾದರೆ ಜಾಗ ಖಾಲಿ ಬೀಳುತ್ತದೆ. ಅಲ್ಲಿಯವರೆಗೆ ಪಾಪ, ಆಡದ ಆಟಕ್ಕೆ ದಿನವೂ ಅಭ್ಯಾಸ ಮಾಡಬೇಕು. ಒಂದು ದಿನವೂ ಮುಖ ಗಂಟಿಕ್ಕಿಲ್ಲ. ಈಚೆಗಂತೂ ಮೆಟ್ಟಿಲು ಹತ್ತುವಾಗ ನನ್ನ ಸ್ಕೇಟಿನ ಚೀಲವನ್ನೂ ಕಿತ್ತುಕೊಂಡು ತಾನೇ ಹೊರುತ್ತಾಳೆ.

ಪಾದ ಸ್ವಲ್ಪ ಬಿಗಿದಿದೆ, ಅಷ್ಟೇ. ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಮೂಳೆ ಉಳುಕು ನೋಡುವ ತಾತ ಒಬ್ಬರಿದ್ದಾರೆ, ವಾರಕ್ಕೊಮ್ಮೆ ನೀವಿ ಪಟ್ಟಿ ಕಟ್ಟುತ್ತಾರೆ. "ಸ್ನಾಯು ಕಣಮ್ಮ, ಸ್ನಾಯು" ಅನ್ನುತ್ತಾರೆ. ಬಂದವರಿಗೆಲ್ಲ ಅದನ್ನೇ ಅನ್ನುತ್ತಾರೆ.

ಅಮ್ಮನಿಗೆ ಇದನ್ನೆಲ್ಲ ಹೇಳಬೇಡಿ. ಸುಮ್ಮನೆ ಗಾಬರಿಯಾಗುತ್ತಾಳೆ.

ಕನ್ನಡಕದ ಅಂಗಡಿಗೆ ನಿಮ್ಮನ್ನು ಕಳಿಸಲಿಚ್ಛಿಸುವ
ಹೋನಾಮಿ


ಹಚಿನೋಹೆ, ನವೆಂಬರ್ 14

ಹೋನಾಮಿ,

ನಿನ್ನ ತಮಾಷೆ ಓದಿ ನಕ್ಕೆ, ಆಮೇಲೆ ಮತ್ತೊಮ್ಮೆ ಓದಿದೆ, ನಗು ಬರಲಿಲ್ಲ.

ನಗೋಯಾದಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಆಟಗಾರರ ಮೂಳೆಗಳಿಗೆಂದೇ ವೈದ್ಯರಿದ್ದಾರೆ. ನೀನು ಅಲ್ಲಿಗೆ ಹೋಗದೆ ಗಲ್ಲಿಯ ತಾತನ ಬಳಿ ಹೋಗುತ್ತೀಯ. ಯಾಕೆ? ಉಳುಕು ನೋಡುವವರು ಎಕ್ಸ್‌ರೇ ತೆಗೆಯುವ ಹಾಗಿಲ್ಲ, ಕಾನೂನೇ ಬಿಡುವುದಿಲ್ಲ. ಅವರು 'ಸ್ನಾಯು' ಎಂದಷ್ಟೇ ಹೇಳಬಲ್ಲರು. ನಿನಗೆ ಬೇಕಾಗಿರುವುದು ಅದನ್ನು ಹೇಳುವವರೇ. ನಾನು ತಪ್ಪು ತಿಳಿದಿದ್ದರೆ ಒಂದು ಸಾಲು ಬರೆ ಸಾಕು, ಕ್ಷಮೆ ಕೇಳುತ್ತೇನೆ.

ಮಿಚಿರು ಅವರ ನೆನಪಿದೆಯೇ? ಚಿಕ್ಕವಳಿದ್ದಾಗ ನೀನು ಅಂಗಡಿಗೆ ಬಂದರೆ ಕಪಾಟಿನ ಪಕ್ಕ ನಿಂತು ಓದುತ್ತಿದ್ದ ಎತ್ತರದ ಹೆಂಗಸು. "ಯಾಕೆ ಕೂತ್ಕೊಳಲ್ಲ?" ಎಂದು ನೀನು ಕೇಳಿದ್ದೆ, ಅವರು ನಕ್ಕಿದ್ದರು. ಅವರೂ ನಮ್ಮೂರಿನ ಸ್ಕೇಟರ್. ನಾನಾಗ ಕಾಲೇಜಿನಲ್ಲಿದ್ದೆ. ಬೆನ್ನುಮೂಳೆಯಲ್ಲಿ ಬಿರುಕು ಇಟ್ಟುಕೊಂಡೇ ಅಖಿಲ ಜಪಾನ್ ಸ್ಪರ್ಧೆಗೆ ಹೋದರು. ಪತ್ರಿಕೆಗಳು 'ಉಕ್ಕಿನ ಹುಡುಗಿ' ಎಂದವು. ಪುರಸಭೆಯವರು ರೈಲ್ವೆ ನಿಲ್ದಾಣದಲ್ಲಿ ದೊಡ್ಡ ಬ್ಯಾನರ್ ಕಟ್ಟಿದರು. ಮರುವರ್ಷ ಅವರ ಹೆಸರು ಯಾವ ಪತ್ರಿಕೆಯಲ್ಲೂ ಇರಲಿಲ್ಲ, ಯಾವ ಪುಟದ ಯಾವ ಮೂಲೆಯಲ್ಲೂ. ನಾನು ಹುಡುಕಿದ್ದೇನೆ. ಇವತ್ತಿಗೂ ಅವರಿಗೆ ಒಂದು ಕಾದಂಬರಿ ಮುಗಿಸುವಷ್ಟು ಹೊತ್ತು ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಬಂದಿದ್ದರು. ನಿನ್ನ ಫೋಟೋ ಇದ್ದ ಪತ್ರಿಕೆ ಕೈಗೆತ್ತಿಕೊಂಡು ತಲೆಬರಹ ಓದಿದರು. "ಮೂವತ್ತು ವರ್ಷ ಆಯ್ತು. ಇನ್ನೂ ಅದೇ ಹೆಡ್ಡಿಂಗಾ?" ಅಂದರು. ಮಡಿಚಿ ಇಟ್ಟು ಹೋದರು.

ಒಂದು ಫೋಟೋ ತೆಗೆಸು. ಪಾದದ ಒಳಗಿನ ಫೋಟೋ. ಪತ್ರಿಕೆಗಳು ಹೇಗೂ ಹೊರಗಿನದನ್ನು ತೆಗೆಯುತ್ತವೆ.

ಮಾಮ


ನಗೋಯಾ, ನವೆಂಬರ್ 19

ಮಾಮ,

ಹೌದು. ಸಾಕೇ?

ಆಗಸ್ಟ್ ಕೊನೆಯಿಂದ ನೋವಿದೆ. ಮೊದಲು ಇಳಿಯುವಾಗ ಮಾತ್ರ ಇತ್ತು, ಈಗ ನಡೆಯುವಾಗಲೂ ಇದೆ. ಬೂಟಿನೊಳಗೆ ಬಿಗಿಯಾಗಿ ಕಟ್ಟಿದರೆ ಮರಗಟ್ಟುತ್ತದೆ, ಆಗ ಜಿಗಿಯಬಹುದು. ಫೋಟೋ ತೆಗೆಸುತ್ತೇನೆ. ಡಿಸೆಂಬರಿನ ಸ್ಪರ್ಧೆ ಮುಗಿದ ಮರುದಿನವೇ ತೆಗೆಸುತ್ತೇನೆ. ಈಗ ತೆಗೆಸಿದರೆ ಡಾಕ್ಟರು ಬೇಡ ಅನ್ನುತ್ತಾರೆ, ಬೇಡ ಅಂದ ಮೇಲೆ ಸೆನ್ಸೇ ಬಿಡುವುದಿಲ್ಲ. ಗೊತ್ತಿಲ್ಲದಿದ್ದರೆ ಯಾರೂ ಬೇಡ ಅನ್ನಬೇಕಾಗಿಲ್ಲ.

ನೀವು ಅಂಗಡಿಯಲ್ಲಿ ಕೂತು ಮೂವತ್ತು ವರ್ಷದ ಹಿಂದಿನದನ್ನು ನೆನೆಯುತ್ತೀರಿ. ನಾನು ಮುಂದಿನ ವರ್ಷವನ್ನು ನೆನೆಯುತ್ತೇನೆ. ನಮ್ಮ ರಿಂಕಿನಲ್ಲಿ ಹನ್ನೆರಡು ವಯಸ್ಸಿನ ಮಗುವೊಂದು ಇದೆ, ಹಲ್ಲಿಗೆ ಇನ್ನೂ ತಂತಿ ಕಟ್ಟಿದೆ. ನಾನು ಹದಿನಾರಕ್ಕೆ ಕಲಿತ ಜಿಗಿತವನ್ನು ಅದು ಹೋದ ತಿಂಗಳು ಕಲಿಯಿತು. ಅಂಥವು ಒಸಾಕಾದಲ್ಲಿ, ಕ್ಯೋತೊದಲ್ಲಿ, ಕೋಬೆಯಲ್ಲಿ ಎಷ್ಟಿವೆಯೋ. ಬೇರೆ ದೇಶದಲ್ಲಿ ಹುಟ್ಟಿದ್ದರೆ ನಾನೀಗ ಆ ದೇಶದ ತಂಡದಲ್ಲಿ ಇರುತ್ತಿದ್ದೆ. ಇಲ್ಲಿ ಪಟ್ಟಿಯ ಕೊನೆಯ ಹೆಸರು. ಈ ಸಲ ಅಖಿಲ ಜಪಾನಿನಲ್ಲಿ ಅಂತಿಮ ಸುತ್ತು ಮುಟ್ಟಿದರೆ ಶಿಬಿರಕ್ಕೆ ಕರೆಯುತ್ತಾರೆ, ಹೊರದೇಶದ ಸ್ಪರ್ಧೆಗೆ ಕಳಿಸುತ್ತಾರೆ. ಇಲ್ಲವಾದರೆ ಮುಂದಿನ ವರ್ಷ ಆ ಮಕ್ಕಳು ನನ್ನನ್ನು ದಾಟಿ ಹೋಗುತ್ತವೆ. ನನಗೆ ಇರುವುದು ಈ ಒಂದು ಡಿಸೆಂಬರ್.

ಈಗ ಹೇಳಿದರೆ ಎಲ್ಲರಿಗೂ ತೊಂದರೆ. ಸೆನ್ಸೇಗೆ, ಕ್ಲಬ್ಬಿಗೆ, ಬ್ಯಾನರ್ ಬರೆಸಿಟ್ಟ ನಮ್ಮ ಶಾಲೆಗೆ, ಟಿಕೆಟ್ಟು ತೆಗೆಸಿರುವ ಅಮ್ಮನಿಗೆ. ನನ್ನ ಪಾದ ನನ್ನದು. ಅದು ಯಾರಿಗೂ ತೊಂದರೆ ಕೊಡುತ್ತಿಲ್ಲ.

ನೀವು ಅಮ್ಮನಿಗಾಗಲಿ ಸೆನ್ಸೇಗಾಗಲಿ ಒಂದು ಮಾತು ಹೇಳಿದರೂ ನಿಮಗೆ ಇನ್ನೆಂದೂ ಬರೆಯುವುದಿಲ್ಲ. ಮಾತು ಕೊಡಿ.

ಹೋನಾಮಿ


ಹಚಿನೋಹೆ, ನವೆಂಬರ್ 23

ಸುಝುನೆ ಅವರಿಗೆ,

ಪರಿಚಯವಿಲ್ಲದ ಮುದುಕನೊಬ್ಬ ಹೀಗೆ ಬರೆಯುತ್ತಿರುವುದನ್ನು ಮನ್ನಿಸಿ. ನಾನು ಹೋನಾಮಿಯ ತಾಯಿಯ ಅಣ್ಣ. ನಿಮ್ಮ ಬಗ್ಗೆ ಅವಳು ಎಷ್ಟೋ ವರ್ಷಗಳಿಂದ ಬರೆಯುತ್ತ ಬಂದಿದ್ದಾಳೆ, ಹಾಗಾಗಿ ನೀವು ನನಗೆ ಅಪರಿಚಿತರಲ್ಲ.

ಅವಳ ಬಲಗಾಲಿನಲ್ಲಿ ಏನೋ ಮುರಿದಿದೆ ಎಂದು ನನಗೆ ಹೆಚ್ಚೂಕಡಿಮೆ ಖಚಿತವಾಗಿದೆ. ಅವಳ ತಾಯಿಗೂ ಕೋಚ್‌ಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಕೊಡದಿದ್ದರೆ ಅವಳು ಬರೆಯುವುದನ್ನೇ ನಿಲ್ಲಿಸುತ್ತಿದ್ದಳು, ಆಗ ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ನಿಮಗೆ ಬರೆಯುವುದಿಲ್ಲ ಎಂದು ನಾನು ಮಾತು ಕೊಟ್ಟಿಲ್ಲ.

ನೀವು ಪಕ್ಕದ ಕೋಣೆಯವರು. ದಿನವೂ ಅದೇ ಐಸ್ ಮೇಲೆ ಇರುವವರು. ನೀವು ಕಂಡದ್ದನ್ನು ನಿಮ್ಮ ಕೋಚ್‌ಗೆ ಹೇಳಿಬಿಡಿ. ಸರದಿ ಚೀಟಿ ಎತ್ತುವ ಮುನ್ನ ಹೇಳಿದರೆ ಅವಳ ಜಾಗವೂ ವ್ಯರ್ಥವಾಗುವುದಿಲ್ಲ. ಇದಕ್ಕಿಂತ ಸುಲಭವಾದ, ಎಲ್ಲರಿಗೂ ಒಳ್ಳೆಯದಾದ ದಾರಿ ನನಗೆ ಕಾಣುತ್ತಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ
ಕೆನ್ಸಾಕು


ನಗೋಯಾ, ನವೆಂಬರ್ 28

ಹಿರಿಯರಾದ ಕೆನ್ಸಾಕು ಅವರಿಗೆ,

ನಿಮ್ಮ ಪತ್ರ ತಲುಪಿತು. ಚಳಿಯಲ್ಲಿ ನಿಮ್ಮ ಆರೋಗ್ಯ ಚೆನ್ನಾಗಿರಲಿ. ಉತ್ತರ ಬರೆಯಲು ತಡವಾಯಿತು, ಬರೆದು ಹರಿದದ್ದೇ ಹೆಚ್ಚು.

ಹೋನಾಮಿಯ ಪಾದದ ವಿಷಯ ನನಗೆ ಸೆಪ್ಟೆಂಬರಿನಿಂದ ಗೊತ್ತು. ನೋಡಿ ಅಲ್ಲ, ಕೇಳಿ. ಅವಳು ಇಳಿದರೆ ಮೊದಲು ಬಟ್ಟೆ ಹರಿದಂಥ ಒಂದೇ ಉದ್ದ ಸದ್ದು ಬರುತ್ತಿತ್ತು. ಈಗ ಸದ್ದು ನಡುವೆ ತುಂಡಾಗುತ್ತದೆ, ಏಕೆಂದರೆ ಅವಳು ಎಡಗಾಲನ್ನು ಬೇಗ ಕೆಳಗಿಡುತ್ತಾಳೆ. ನಾನು ಬೆನ್ನು ತಿರುಗಿಸಿದ್ದರೂ ತಿಳಿಯುತ್ತದೆ.

ಮೊನ್ನೆ ಸ್ನಾನದ ಮನೆಯಲ್ಲಿ ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಕಾಲು ತೋರ್ಸೇ," ಅಂದೆ.

"ನಿನ್ ಕಾಲು ನೀನ್ ನೋಡ್ಕೋ, ಹೋಗೇ."

"ಬದನೆಕಾಯಿ ಬಣ್ಣ ಬಂದಿದೆ ಕಣೇ."

"ಬದನೆಕಾಯಿ ನಂಗಿಷ್ಟ."

"ಸೆನ್ಸೇಗೆ ಹೇಳ್ತೀನಿ ನೋಡು."

ಆಗ ಅವಳು ತೊಟ್ಟಿಯ ಬಿಸಿನೀರಿಗೆ ಗಲ್ಲದವರೆಗೆ ಇಳಿದು ನಕ್ಕಳು. "ನೀನು ಹೇಳಲ್ಲ. ನೀನು ಮೀಸಲು. ಹೇಳಿದ್ರೆ ಜಾಗಕ್ಕೋಸ್ಕರ ಹೇಳ್ದೆ ಅಂತಾರೆ. ನಿನ್ ಬಾಯಿಗೆ ನಾನು ಬೀಗ ಹಾಕ್ಬೇಕಾಗಿಲ್ಲ, ಅದಾಗ್ಲೇ ಬಿದ್ದಿದೆ."

ಅವಳು ಹೇಳಿದ್ದು ನಿಜ. ಇನ್ನೂ ಒಂದು ನಿಜವಿದೆ. ಅದನ್ನು ನೀವು ದೂರದವರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನನಗೆ ಆ ಜಾಗ ಬೇಕು. ನನಗೂ ಅವಳಷ್ಟೇ ವಯಸ್ಸು, ನನ್ನ ಹಿಂದೆಯೂ ಅದೇ ಪುಟ್ಟ ಮಕ್ಕಳು ಬರುತ್ತಿದ್ದಾರೆ. ಅವಳು ಕೆಂಪು ಪಟ್ಟಿ ಕಟ್ಟಿ ಜಿಗಿಯಲು ಓಡುವಾಗ, 'ಬೀಳಲಿ' ಎಂದು ನನ್ನೊಳಗೆ ಒಂದು ದನಿ ಹೇಳುತ್ತದೆ. ದಿನವೂ ಹೇಳುತ್ತದೆ. ಈಗ ನಾನು ಬಾಯಿ ತೆರೆದರೆ ಮಾತಾಡುವುದು ಅವಳ ಗೆಳತಿಯೋ ಆ ದನಿಯೋ, ನನಗೇ ತಿಳಿಯುವುದಿಲ್ಲ. ಜನರಿಗೆ ಹೇಗೆ ತಿಳಿದೀತು?

ಎಲ್ಲರಿಗೂ ಒಳ್ಳೆಯದಾದ ದಾರಿ ಎಂದು ಬರೆದಿದ್ದೀರಿ. ಆ ಎಲ್ಲರಲ್ಲಿ ನಾನೂ ಸೇರಿರುವುದೇ ತೊಡಕು.

ಯೋಚಿಸುತ್ತೇನೆ. ದಯವಿಟ್ಟು ನನಗೆ ಇನ್ನು ಬರೆಯಬೇಡಿ. ಲಕೋಟೆಯ ಮೇಲಿನ ಊರಿನ ಹೆಸರು ಹೋನಾಮಿಯ ಕಣ್ಣಿಗೆ ಬೀಳಬಾರದು.

ವಿನಯಪೂರ್ವಕವಾಗಿ
ಸುಝುನೆ


ಹಚಿನೋಹೆ, ಡಿಸೆಂಬರ್ 3

ಹೋನಾಮಿ,

ಈ ಪತ್ರಕ್ಕೆ ಹವಾಮಾನದ ಮಾತು ಬೇಡ.

ನಿನಗೆ ಕೊಟ್ಟ ಮಾತನ್ನು ನಾನು ಮುರಿಯಲಿದ್ದೇನೆ. ಬರುವ ಸೋಮವಾರ ಅಂಗಡಿ ತೆರೆಯುವ ಮುನ್ನ ನಿನ್ನ ಕೋಚ್‌ಗೆ ಫೋನ್ ಮಾಡುತ್ತೇನೆ. ಬೆನ್ನ ಹಿಂದೆ ಮಾಡುವುದು ನನಗೆ ಒಗ್ಗದು, ಆದ್ದರಿಂದ ಮೊದಲೇ ತಿಳಿಸುತ್ತಿದ್ದೇನೆ. ಅಷ್ಟರೊಳಗೆ ನೀನೇ ಹೋಗಿ ಹೇಳಿದರೆ ನನ್ನ ಫೋನಿಗೆ ಕೆಲಸವಿರುವುದಿಲ್ಲ. ನಾನು ಬೇಡುತ್ತಿರುವುದು ಅದನ್ನೇ.

ನಿನ್ನ ಪಾದ ಯಾರಿಗೂ ತೊಂದರೆ ಕೊಡುತ್ತಿಲ್ಲ ಎಂದು ಬರೆದಿದ್ದೆ. ಈ ದೇಶದಲ್ಲಿ ಚಿಕ್ಕಂದಿನಿಂದ ನಮಗೆ ಕಲಿಸುವುದು ಅದೊಂದೇ: ಇನ್ನೊಬ್ಬರಿಗೆ ತೊಂದರೆ ಕೊಡಬೇಡ. ರೈಲಿನಲ್ಲಿ ಜೋರಾಗಿ ಮಾತಾಡಬೇಡ, ಜ್ವರ ಬಂದರೂ ಕೆಲಸಕ್ಕೆ ರಜೆ ಕೇಳಬೇಡ, ಮೂಳೆ ಮುರಿದರೂ ಮುಖ ಕೆಡಿಸಬೇಡ. ಹಾಗೆ ಬಚ್ಚಿಟ್ಟ ತೊಂದರೆ ಎಲ್ಲಿಗೂ ಹೋಗುವುದಿಲ್ಲ, ಹೋನಾಮಿ. ಪಕ್ಕದವರ ಹೆಗಲಿಗೆ ಹೋಗಿ ಕೂರುತ್ತದೆ. ನಿನ್ನ ಚೀಲವನ್ನು ಯಾರು ಹೊರುತ್ತಿದ್ದಾರೆ? ಯಾಕೆ ಹೊರುತ್ತಿದ್ದಾರೆ? ಒಮ್ಮೆ ಯೋಚಿಸು.

ನೀನು ಇನ್ನೆಂದೂ ನನಗೆ ಬರೆಯದಿರಬಹುದು. ಅದನ್ನೂ ಲೆಕ್ಕಕ್ಕೆ ಹಿಡಿದೇ ಬರೆಯುತ್ತಿದ್ದೇನೆ.

ಮಾಮ


ನಗೋಯಾ, ಡಿಸೆಂಬರ್ 8

ಮಾಮ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಹೇಳಲು ಇಲ್ಲಿ ನನಗೆ ಬೇರೆ ಯಾರೂ ಉಳಿದಿಲ್ಲ.

ಇವತ್ತು ನಿಮ್ಮ ಫೋನ್ ಬಂದಾಗ ಸೆನ್ಸೇ "ಗೊತ್ತಾಯ್ತು, ಗೊತ್ತಾಯ್ತು" ಎಂದಷ್ಟೇ ಹೇಳಿ ಇಟ್ಟರಲ್ಲ. ಆ ಹೊತ್ತಿಗೆ ಎಲ್ಲ ಮುಗಿದಿತ್ತು. ಶನಿವಾರದ ಬೆಳಗಿನ ಅಭ್ಯಾಸದಲ್ಲೇ ಮುಗಿದಿತ್ತು.

ನಾನು ಕೆಂಪು ಪಟ್ಟಿ ಕಟ್ಟಿಕೊಂಡು ಕಟ್ಟೆಯ ಬಳಿ ನೀರು ಕುಡಿಯುತ್ತಿದ್ದೆ. ಮುಂದಿನ ಸಂಗೀತ ನನ್ನದು. ನಾನು ಹೇಳುವವಳಿದ್ದೆನೇ ಎಂದು ನೀವು ಕೇಳುತ್ತೀರಿ. ನಿಮ್ಮ ಪತ್ರ ಜೇಬಿನಲ್ಲಿತ್ತು. ಸೋಮವಾರದವರೆಗೆ ಇನ್ನೂ ಸಮಯವಿದೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸುಝುನೆ ಸ್ಕೇಟ್ ಕಾಲಲ್ಲೇ ಐಸ್‌ನಿಂದ ಹೊರಗೆ ಬಂದು ಸೆನ್ಸೇ ಮುಂದೆ ನಿಂತಳು.

"ಸೆನ್ಸೇ, ಮೀಸಲು ಪಟ್ಟಿಯಿಂದ ನನ್ನ ಹೆಸರು ತೆಗೆಸಿಬಿಡಿ."

"ಏನಾಯ್ತೇ? ಜ್ವರಾನಾ?"

"ಏನೂ ಆಗಿಲ್ಲ. ತೆಗೆಸಿ."

"ಕಾರಣ ಹೇಳ್ದೆ ಹೆಂಗೆ ತೆಗೆಸ್ಲಿ? ತಮಾಷೆ ಅನ್ಕೊಂಡಿದ್ಯಾ?"

"ಮೊದ್ಲು ತೆಗೆಸಿ. ಆಮೇಲೆ ಹೇಳ್ತೀನಿ."

ಸೆನ್ಸೇ ಮುಖ ಕೆಂಪಾಯಿತು. ಎಲ್ಲರೂ ನಿಂತು ನೋಡುತ್ತಿದ್ದರು. ಹಲ್ಲಿಗೆ ತಂತಿ ಕಟ್ಟಿದ ಆ ಮಗುವೂ. "ಹೊಟ್ಟೆಕಿಚ್ಚಾ?" ಅಂದರು ಸೆನ್ಸೇ. "ಹೋನಾಮಿ ಹೋಗ್ತಾಳೆ, ನಾನು ಹೋಗಲ್ಲ ಅಂತಾನಾ? ಇಷ್ಟು ದಿನ ನಿಂಗೆ ಐಸ್ ಕೊಟ್ಟಿದ್ದು ಇದಕ್ಕಾ?"

"ಹಾಗೇ ಅಂದ್ಕೊಳ್ಳಿ, ಸೆನ್ಸೇ. ದಯವಿಟ್ಟು ಫೋನ್ ಮಾಡಿ."

ಅವಳು ಸೊಂಟ ಬಗ್ಗಿಸಿ ನಮಸ್ಕರಿಸಿದಳು, ಏಳಲೇ ಇಲ್ಲ. ಸೆನ್ಸೇ ಸಿಟ್ಟಿನಲ್ಲೇ ಸಂಘದ ಕಚೇರಿಗೆ ಫೋನ್ ಹಚ್ಚಿದರು. "ಹೌದು, ಸ್ವಂತ ಇಚ್ಛೆ. ಹೌದು, ಮುಂದಿನವರಿಗೆ ತಿಳಿಸಿ." ಒಕಾಯಾಮಾದ ಇಟೊಹಾ ಎಂಬ ಹದಿನೈದರ ಹುಡುಗಿ ಮೊದಲ ಮೀಸಲಾದಳು. ಅಷ್ಟು ಕೇಳಿಸಿಕೊಂಡು, ಸೆನ್ಸೇ ಫೋನ್ ಇಟ್ಟ ಮೇಲೆ, ಸುಝುನೆ ತಲೆ ಎತ್ತಿದಳು.

"ಹೋನಾಮಿಯ ಬಲಗಾಲು ಮುರಿದಿದೆ, ಸೆನ್ಸೇ. ಸೆಪ್ಟೆಂಬರಿಂದ ನೋವಿದೆ. ಈಗ ಇದನ್ನ ಹೇಳಿದ್ರೆ ನಂಗೇನೂ ಸಿಗಲ್ಲ. ಅದಕ್ಕೇ ಈಗ ಹೇಳ್ತಿದೀನಿ."

ನನ್ನ ಸಂಗೀತ ಶುರುವಾಗಿತ್ತು, ಅದು ತನ್ನ ಪಾಡಿಗೆ ನುಡಿಯುತ್ತಿತ್ತು. ನಾನು ಕಿರುಚಿದೆ. "ನನ್ ಜಾಗಾನೂ ತಿಂದೆ, ನಿನ್ ಜಾಗಾನೂ ತಿಂದೆ! ಹುಚ್ಚಿ!" ಇನ್ನೂ ಏನೇನೋ ಅಂದೆ, ಅದನ್ನು ನಿಮಗೆ ಬರೆಯಲಾರೆ. ಅವಳು ಕೇಳುತ್ತ ನಿಂತಿದ್ದಳು. ಆಮೇಲೆ ನನ್ನ ಬೂಟಿನ ದಾರ ಬಿಚ್ಚಲು ಮೊಣಕಾಲೂರಿದಳು. ನಾನು ಅವಳ ಕೈಗೆ ಒದ್ದೆ. ಬಲಗಾಲಿನಲ್ಲೇ ಒದ್ದೆ, ಮಾಮ. ಆ ನೋವಿಗೆ ಅಲ್ಲೇ ಕುಸಿದು ಕೂತೆ.

ಆಸ್ಪತ್ರೆಯಲ್ಲಿ ಫೋಟೋ ತೆಗೆದರು. ಪಾದದ ನಡುವಿನ ಮೂಳೆಯಲ್ಲಿ ಬಿರುಕು ಈ ಅಂಚಿನಿಂದ ಆ ಅಂಚಿನ ಹತ್ತಿರದವರೆಗೆ ಹೋಗಿದೆ. ಡಾಕ್ಟರು ಪೆನ್ಸಿಲ್ ತುದಿಯಲ್ಲಿ ತೋರಿಸಿದರು. ಕೂದಲಷ್ಟು ಅಗಲದ ಜಾಗ ಮಾತ್ರ ಇನ್ನೂ ಹಿಡಿದುಕೊಂಡಿತ್ತು. "ಇದೂ ಬಿಟ್ಟಿದ್ರೆ ಜಿಗಿಯೋದಿರ್ಲಿ, ಸರಿಯಾಗಿ ನಡೆಯೋದೂ ಕಷ್ಟ ಆಗ್ತಿತ್ತು," ಅಂದರು. ಪ್ಲಾಸ್ಟರ್ ಹಾಕಿದ್ದಾರೆ. ಬೇಸಿಗೆಗೆ ಐಸ್ ಮುಟ್ಟಬಹುದಂತೆ. ಅದೂ ಖಚಿತವಿಲ್ಲ.

ನನ್ನ ಜಾಗಕ್ಕೆ ಇಟೊಹಾ ಹೋಗುತ್ತಾಳೆ.

ಸುಝುನೆ ಬರೀ ಹೇಳಿದ್ದರೆ ಸಾಕಿತ್ತಲ್ಲ, ಮಾಮ? ಹೇಳಿ, ತಾನು ಹೋಗಬಹುದಿತ್ತು. ಸಿಟ್ಟು ಬರುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಇದು ಅರ್ಥವೇ ಆಗುತ್ತಿಲ್ಲ.

ಹೋನಾಮಿ


ಹಚಿನೋಹೆ, ಡಿಸೆಂಬರ್ 12

ಪ್ರೀತಿಯ ಹೋನಾಮಿ,

ನಿನ್ನಮ್ಮ ನಾಳೆಯ ರೈಲಿಗೆ ಹೊರಡುತ್ತಾಳೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. "ನಿಂಗೆ ಗೊತ್ತಿತ್ತು. ನಂಗಿಂತ ಮೊದ್ಲು ನಿಂಗೆ ಗೊತ್ತಿತ್ತು" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಅವಳ ಸಿಟ್ಟಿನಲ್ಲಿ ಒಂದಕ್ಷರವೂ ತಪ್ಪಿಲ್ಲ.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರಿಸುವ ಮುನ್ನ ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಕಳೆದ ತಿಂಗಳು ನಾನು ಸುಝುನೆಗೆ ಪತ್ರ ಬರೆದಿದ್ದೆ, ಕೋಚ್‌ಗೆ ಹೇಳಿಬಿಡಿ ಎಂದು. ನನ್ನ ಮಾತನ್ನು ಉಳಿಸಿಕೊಳ್ಳುವ ಜಾಣತನದಲ್ಲಿ, ಇಡೀ ರಿಂಕಿನಲ್ಲಿ ಹೇಳಲಾಗದ ಒಬ್ಬಳೇ ಒಬ್ಬಳನ್ನು ಹುಡುಕಿ, ಹೇಳು ಎಂದು ಕೇಳಿದ್ದೆ. ಅವಳ ಉತ್ತರವನ್ನು ಇದರೊಡನೆ ಇಟ್ಟಿದ್ದೇನೆ. ಅವಳ ಒಪ್ಪಿಗೆ ಕೇಳಿಲ್ಲ, ನಾನೇ ಕಳಿಸುತ್ತಿದ್ದೇನೆ. ಅದರಲ್ಲಿ ನಿನಗೆ ಕಹಿಯಾಗುವ ಒಂದು ವಾಕ್ಯವಿದೆ. ಪೂರ್ತಿ ಓದು.

ನಿನ್ನೆ ಪತ್ರಿಕೆಗೆ ಒಂದು ಪತ್ರ ಬರೆದೆ. ಉದ್ದದ ಪತ್ರ. ಲಾಭ ಸಿಗುವವರು ನಿಜ ಹೇಳಬಾರದು, ನಷ್ಟವಾಗುವವರಿಗೆ ನಿಜ ಹೇಳುವ ಧೈರ್ಯವಿಲ್ಲ, ಉಳಿದವರಿಗೆ ನಿಜ ಬೇಡ. ಇಂಥ ಏರ್ಪಾಡಿನಲ್ಲಿ ಹದಿನೇಳರ ಹುಡುಗಿಯೊಬ್ಬಳು ಎರಡು ವಾಕ್ಯದ ಸತ್ಯಕ್ಕೆ ತನ್ನ ಒಂದು ವರ್ಷವನ್ನೇ ಸುಂಕ ಕಟ್ಟಿದಳು ಎಂದು ಬರೆದೆ. ಚೆನ್ನಾಗಿ ಬರೆದಿದ್ದೆ. ಮಿಚಿರು ಅವರಿಗೆ ಓದಿ ತೋರಿಸಿದೆ. ಅವರು ನಿಂತೇ ಕೇಳಿದರು. "ಅವಳ ಹೆಸರು ಹಾಕಿದ್ರೆ ಅವಳನ್ನೂ ಉಕ್ಕಿನ ಹುಡುಗಿ ಮಾಡ್ತಾರೆ. ಹೆಸರು ಹಾಕ್ದಿದ್ರೆ ಯಾರೂ ಓದಲ್ಲ. ಯಾಕ್ ಕಳಿಸ್ತೀರಿ?" ಎಂದರು. ಕಳಿಸಲಿಲ್ಲ. ಆದರೆ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಸುಝುನೆ ಯಾಕೆ ಜಾಗ ಬಿಟ್ಟಳು ಎಂದು ಕೇಳಿದ್ದೀಯ. ಜನರ ಬಾಯಿಗೆ ಹೆದರಿ ಎಂದು ನಾನು ಮೊದಲು ಅಂದುಕೊಂಡೆ. ಅವಳ ಪತ್ರ ಮತ್ತೆ ಓದಿದ ಮೇಲೆ ಹಾಗನ್ನಿಸುತ್ತಿಲ್ಲ. ತನ್ನ ಬಾಯಿಂದ ಬರುವುದು ಯಾರ ದನಿ ಎಂದು ಅವಳಿಗೆ ತಿಳಿಯಬೇಕಿತ್ತು. ತಿಳಿಯಲು ಅವಳಿಗೆ ಬೇರೆ ದಾರಿ ಕಾಣಲಿಲ್ಲ. ನಾವು ಯಾರೂ ಅವಳಿಗೆ ಬೇರೆ ದಾರಿ ಮಾಡಿಕೊಡಲಿಲ್ಲ.

ಅವಳ ಜೊತೆ ಮಾತಾಡಿದೆಯಾ?

ಮಾಮ


ನಗೋಯಾ, ಡಿಸೆಂಬರ್ 21
ನಿನ್ನ ಬಾಗಿಲ ಹೊರಗೆ

ಸುಝುನೆ,

ಈಗಷ್ಟೇ ಟಿವಿ ಆರಿಸಿದರು. ಕೆಳಗೆ ಸೆನ್ಸೇ, ಅಜ್ಜಿ, ಅಮ್ಮ, ನಾನು ಕೂತಿದ್ದೆವು. ನಿನಗೂ ಕೂರಲು ಒಂದು ದಿಂಬು ಹಾಕಿದ್ದರು. ನೀನು ಬರಲಿಲ್ಲ. ಆದರೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ, ಸುಳ್ಳು ಹೇಳಬೇಡ. ಇಟೊಹಾ ಮೊದಲ ಜಿಗಿತದಲ್ಲಿ ಬಿದ್ದಾಗ ಮೆಟ್ಟಿಲ ಕಡೆಯಿಂದ "ಅಯ್ಯೋ" ಅಂತ ಕೇಳಿಸಿತು. ನನ್ನ ಬಾಯಿಂದಲೂ ಅದೇ ಹೊತ್ತಿಗೆ ಅದೇ ಬಂತು. ಅಮ್ಮ ನನ್ನ ಮುಖ ನೋಡಿದಳು.

ನಾನು ಅವಳು ಬೀಳಲಿ ಎಂದು ಕೂತಿದ್ದೆ. ಬೆಳಗಿನಿಂದ ಅದನ್ನೇ ಕಾಯುತ್ತಿದ್ದೆ. ನನ್ನ ಜಾಗದಲ್ಲಿ ನಿಂತವಳು ಬೀಳಲಿ ಎಂದು. ಬಿದ್ದಳು. ಎದ್ದು, ತುಟಿ ಕಚ್ಚಿಕೊಂಡು, ಎರಡನೆಯದನ್ನು ಅಷ್ಟು ಚೆನ್ನಾಗಿ ಇಳಿದಳಲ್ಲ, ಆಗ ನಾನು ಚಪ್ಪಾಳೆ ಹೊಡೆಯುತ್ತಿದ್ದೆ. ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ. ನೀನು ಮಾಮನಿಗೆ ಬರೆದ ಆ ದನಿ ಎಲ್ಲರೊಳಗೂ ಇರುತ್ತದೆ ಎಂದು ನಿನಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ನಾನು ಹೇಳಬಹುದಿತ್ತು. ನಾನು ಅದನ್ನು ಬೀಗ ಮಾಡಿಕೊಂಡೆ.

ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಸಿಟ್ಟು ಇನ್ನೂ ಇದೆ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಇವತ್ತು ಅಲ್ಲಿ ಇರಬೇಕಿತ್ತು. ನೀನು ಇರಬೇಕಿತ್ತು. ನಿನ್ನ ಸಂಗೀತ ಬರುವಾಗ ನಾನು ಕೆಳಗೆ ಕೂತು ಹೊಟ್ಟೆಕಿಚ್ಚು ಪಡಬೇಕಿತ್ತು. ಅದನ್ನೂ ನನ್ನಿಂದ ಕಿತ್ತುಕೊಂಡೆ ನೀನು.

ನಾಳೆ ನಿನ್ನ ಸಾಮಾನು ಕಟ್ಟಿ ಊರಿಗೆ ಹೋಗುತ್ತೀಯಂತೆ, ಅಜ್ಜಿ ಹೇಳಿದರು. ಸ್ಕೇಟ್ ಬಿಡುತ್ತೀಯಂತೆ. ಸೆನ್ಸೇ ನಿನಗೆ ಹೇಳಿದ ಆ 'ಹೊಟ್ಟೆಕಿಚ್ಚು' ಎಂಬ ಮಾತಿಗೆ ಕೆಳಗೆ ಕೂತು ಅಳುತ್ತಿದ್ದಾರೆ. ಬಂದು ಕ್ಷಮೆ ಕೇಳುವ ಧೈರ್ಯ ಅವರಿಗಿಲ್ಲ. ಕೋಚ್‌ಗಳಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ.

ನನಗೂ ಕಲಿಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರುಗೋಲು ಕೆಳಗೇ ಬಿಟ್ಟು ಬಂದೆ, ಅದರ ಸದ್ದು ಕೇಳಿದರೆ ನೀನು ದೀಪ ಆರಿಸುತ್ತೀಯ. ಕೂತುಕೊಂಡೇ ಒಂದೊಂದು ಮೆಟ್ಟಿಲು ಹತ್ತಿದೆ. ಈಗ ಎದ್ದು ನಿಂತಿದ್ದೇನೆ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದಿದ್ದೇನೆ, ಅಕ್ಷರ ಸೊಟ್ಟಗಾಗಿರುವುದು ಅದಕ್ಕೆ. ಇನ್ನು ಇದನ್ನು ಬಾಗಿಲ ಸಂದಿಯಲ್ಲಿ ತಳ್ಳುತ್ತೇನೆ.

ನನಗೆ ಕಾಲು ನೋಯುತ್ತಿದೆ, ಸುಝುನೆ. ಬಹಳ ನೋಯುತ್ತಿದೆ.

ಬಾಗಿಲು ತೆಗಿ.

ಹೋನಾಮಿ